ಇಪ್ಪತ್ತೆರಡನೆಯ ಮಾತು

ಎಲ್ಲರೂ ಗೌರವದಿಂದ ಡೋನ್ಯಾ ಎಂದು ಕರೆಯುವ ನಿಕೊಲಾಸಾಳ ಬೆನ್ನು ಖಾಲಿ ಇದ್ದದ್ದನ್ನು ಆ ಬೀದಿಯವರು ಒಂಬತ್ತು ತಿಂಗಳಿಂದ ಕಂಡಿರಲಿಲ್ಲ. ಗ್ವಾಟೆಮಾಲಾ ನಗರದ ಆರನೇ ವಲಯದಲ್ಲಿ, ಚಪ್ಪಲಿ ಹೊಲಿಯುವವನ ಗೂಡಿಗೂ ಔಷಧದಂಗಡಿಗೂ ನಡುವೆ ಇಕ್ಕಟ್ಟಿನಲ್ಲಿ ಅವಳ ರೊಟ್ಟಿ ಅಂಗಡಿ. ದಿನಕ್ಕೆ ಮೂರು ಹೊತ್ತು ಅವಳೂ ಅವಳ ನಾದಿನಿ ಟಿಮೋತೆಯಾಳೂ ದೊಡ್ಡ ಹಂಚಿನ ಆಚೀಚೆ ನಿಂತು ಮೆಕ್ಕೆಜೋಳದ ಹಿಟ್ಟಿನ ಉಂಡೆಯನ್ನು ಅಂಗೈಯಿಂದ ಅಂಗೈಗೆ ಹಾಯಿಸುತ್ತ ಪಟಪಟನೆ ತಟ್ಟುತ್ತಿದ್ದರು. ತಟ್ಟುವಾಗ ನಿಕೊಲಾಸಾಳ ಬೆನ್ನಿಗೆ ಕೆಂಪು ಪಟ್ಟೆಯ ಶಾಲು, ಶಾಲಿನೊಳಗೆ ಬ್ರಿಸೈದಾ. ಹೊರಗೆ ಕಾಣುತ್ತಿದ್ದದ್ದು ಒಂದು ಉಣ್ಣೆ ಟೋಪಿ, ಒಂದು ಗುಂಡು ಕೆನ್ನೆ, ಅಷ್ಟೇ.

ಬ್ರಿಸೈದಾ ಅವಳು ಹೆತ್ತ ಮಗುವಲ್ಲ. ದತ್ತು ಹೋಗುವ ತನಕ ಸಾಕಿಕೊಡಿ ಎಂದು ವಕೀಲಮ್ಮ ತಂದುಕೊಟ್ಟ ಹನ್ನೆರಡನೆಯ ಕೂಸು. ಹಿಂದಿನ ಹನ್ನೊಂದನ್ನೂ ನಿಕೊಲಾಸಾ ಸಾಕಿ, ವಿಮಾನದಲ್ಲಿ ಬಂದವರ ಕೈಗೆ ಕೊಟ್ಟು, ಎರಡು ದಿನ ಅತ್ತು, ಮೂರನೆಯ ದಿನ ಮುಖ ತೊಳೆದುಕೊಂಡು ಹಂಚಿನ ಮುಂದೆ ನಿಂತಿದ್ದಳು. ಆ ಹನ್ನೊಂದು ಮಕ್ಕಳ ಫೋಟೋ ಅಂಗಡಿಯ ಗೋಡೆಯ ಮೇಲಿವೆ. ಒಬ್ಬ ಹಿಮದಲ್ಲಿ ನಿಂತಿದ್ದಾನೆ, ಒಬ್ಬಳು ಕುದುರೆಯ ಮೇಲೆ ಕೂತಿದ್ದಾಳೆ, ಇನ್ನೊಬ್ಬನಿಗೆ ಹಲ್ಲಿಗೆ ತಂತಿ ಹಾಕಿದ್ದಾರೆ.

ಆದರೆ ಈ ಹನ್ನೆರಡನೆಯದು ಬಂದಾಗ ಮೂರು ದಿನದ್ದು, ತೂಕ ಒಂದು ಬಡಕಲು ಕೋಳಿಯಷ್ಟು. ಹನಿ ಹನಿ ಹಾಲು ಬಿಟ್ಟು ಬದುಕಿಸಿದ್ದಳು. ಕೆಳಗೆ ಮಲಗಿಸಿದರೆ ನೀಲಿಗಟ್ಟುವಂತೆ ಅಳುತ್ತಿತ್ತು, ಹಾಗಾಗಿ ಕೆಳಗೆ ಮಲಗಿಸಲೇ ಇಲ್ಲ. ಹಾಗೆ ಬೆನ್ನಿಗೆ ಹತ್ತಿದ್ದು ಇಳಿಯಲೇ ಇಲ್ಲ. ಈಗ ಐವತ್ತೆಂಟನೆಯ ವಯಸ್ಸಿನಲ್ಲಿ ನಿಕೊಲಾಸಾಳಿಗೆ ಈ ಮಗು ಬೇಕಾಗಿತ್ತು. ಅದನ್ನು ಅವಳು ಬಾಯಿಬಿಟ್ಟು ಕೇಳಿಯೂ ಆಗಿತ್ತು. ವಕೀಲಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಡೋನ್ಯಾ, ನಿಮ್ಮ ವಯಸ್ಸೇನು, ಆ ಕೂಸಿನ ವಯಸ್ಸೇನು. ಕಾಗದಕ್ಕೆಲ್ಲ ಸಹಿ ಬಿದ್ದಾಗಿದೆ, ಸುಮ್ಮನಿರಿ" ಅಂದಿದ್ದಳು.

ಸುಮ್ಮನಿರುವ ಜಾಯಮಾನ ನಿಕೊಲಾಸಾಳದ್ದಲ್ಲ. ಒಂದು ವಿಷಯ ಅವಳಿಗೆ ಗೊತ್ತಿತ್ತು. ಸೋಮವಾರ ಮಗುವನ್ನು ಕೊಡಬೇಕು, ಗುರುವಾರ ರಾಯಭಾರ ಕಚೇರಿಯಲ್ಲಿ ವೀಸಾ. ನಡುವಿನ ಮೂರು ದಿನ ಮಗು ಹೋಟೆಲಿನಲ್ಲಿ ದತ್ತು ತೆಗೆದುಕೊಳ್ಳುವವರ ಜೊತೆಯಲ್ಲಿ. ಎರಡು ವರ್ಷದ ಕೆಳಗೆ ಹಿಂದಿನ ಬೀದಿಯ ಒಬ್ಬಳು ಸಾಕಿದ ಮಗು ಆ ಮೂರು ದಿನದಲ್ಲಿ ಹೊಂದಿಕೊಳ್ಳಲಿಲ್ಲವೆಂದು ದತ್ತಿಗೆ ಬಂದವರು ವಾಪಸು ಕೊಟ್ಟು ಹೋಗಿದ್ದರು. ಆ ಮಗು ಇವತ್ತಿಗೂ ಆಕೆಯ ಮನೆಯಲ್ಲೇ ಕೋಳಿ ಅಟ್ಟಿಕೊಂಡಿದೆ.

* * *

ಸೋಮವಾರ ಹತ್ತು ಗಂಟೆಗೆ ನಿಕೊಲಾಸಾ ಎರಡು ಬಸ್ಸು ಬದಲಿಸಿ ಆ ದೊಡ್ಡ ಹೋಟೆಲಿಗೆ ಬಂದಳು. ಮಗುವಿಗೆ ಒಳಂಗಿ, ಅದರ ಮೇಲೊಂದು ಅಂಗಿ, ಸ್ವೆಟರು, ಟೋಪಿ, ಎರಡು ಜೊತೆ ಕಾಲುಚೀಲ, ಮೇಲೊಂದು ಕಂಬಳಿ. ಬಲಗೈಗೆ ದೃಷ್ಟಿ ತಾಗದ ಹಾಗೆ ಕೆಂಪು ದಾರ. ಹೋಟೆಲಿನ ಹಜಾರದ ತುಂಬ ಬಿಳಿ ಗಂಡ ಹೆಂಡಿರು, ಎಲ್ಲರ ಮಡಿಲಲ್ಲೂ ಒಂದೊಂದು ಕಂದು ಕೂಸು. ಯಾರು ಯಾರಿಗೆ ಹೊಸಬರು ಎಂದು ಕೇಳಬೇಕಾಗಿರಲಿಲ್ಲ, ಹಾಲಿನ ಬಾಟಲಿ ಹಿಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

ವಕೀಲಮ್ಮನ ಕಚೇರಿಯ ಹುಡುಗಿ ವಿಲ್ಮಾ ಇಬ್ಬರನ್ನು ಕರೆತಂದಳು. ಹೆಂಗಸು ಕೊರಿನ್, ನಲವತ್ತರ ಆಸುಪಾಸು, ಮೂಗಿನ ತುದಿ ಆಗಲೇ ಕೆಂಪಾಗಿತ್ತು. ಗಂಡ ವೆಂಡೆಲ್, ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ, ಎದೆಯ ತನಕ ಗಡ್ಡ. ಅಮೆರಿಕದ ಉತ್ತರದ ತುದಿಯವರು. ಅವನ ಕೆಲಸ ಪಿಯಾನೊಗಳಿಗೆ ಶ್ರುತಿ ಕೂಡಿಸುವುದಂತೆ.

ಕೊರಿನ್ ಮಗುವನ್ನು ಎತ್ತಿಕೊಂಡಳು, ಮುತ್ತಿಟ್ಟಳು, ಅತ್ತಳು. ಅಲ್ಲಿಯ ತನಕ ಸರಿ. ಆಮೇಲೆ ಟೋಪಿ ತೆಗೆದಳು. ಕಾಲುಚೀಲ ತೆಗೆದಳು, ಅದರೊಳಗಿನ ಕಾಲುಚೀಲವನ್ನೂ ತೆಗೆದಳು. ಸ್ವೆಟರಿಗೆ ಕೈ ಹಾಕುವಷ್ಟರಲ್ಲಿ ನಿಕೊಲಾಸಾಳಿಗೆ ತಡೆಯಲಾಗಲಿಲ್ಲ.

"ವಿಲ್ಮಾ, ಆ ಯಮ್ಮ ಮಗೂನ ಈರುಳ್ಳಿ ಸುಲಿದ ಹಾಗೆ ಸುಲೀತಿದಾಳಲ್ಲ, ಎಲ್ಲಿವರೆಗೂ ಸುಲೀತಾಳೆ ಅಂತ ಕೇಳು."

"ಸೆಕೆ ಆಗುತ್ತೆ ಅಂತಿದಾರೆ, ಡೋನ್ಯಾ."

"ಸೆಕೆ ಆಗೋದು ಅವಳಿಗೆ. ಮಂಜಿನ ಊರಿಂದ ಬಂದವಳು. ನೆತ್ತಿಗೆ ಗಾಳಿ ಹೊಕ್ಕರೆ ಮಗು ಗತಿ ಏನು?"

ವಿಲ್ಮಾ ಇದನ್ನು ಹೇಗೆ ಅನುವಾದ ಮಾಡಿದಳೋ, ಕೊರಿನ್ ನಕ್ಕು ನಿಕೊಲಾಸಾಳ ಕೈ ಅಮುಕಿದಳು. ವೆಂಡೆಲ್ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಮಗುವಿಗೆ ಏನೇನು ಅಭ್ಯಾಸ, ಎಲ್ಲ ಹೇಳಿ ಎಂದ. ನಿಕೊಲಾಸಾ ಹೇಳತೊಡಗಿದಳು. ಹಾಲಿಗೆ ಒಂದು ಚೂರು ದಾಲ್ಚಿನ್ನಿ ನೀರು ಹಾಕಬೇಕು. ಕಪ್ಪು ಅವರೆಯ ಕಟ್ಟು ಕೊಡಬೇಕು, ಕಾಳು ಕೊಡಬಾರದು. ಸ್ನಾನ ಆದ ಮೇಲೆ ಬಾಗಿಲಾಚೆ ತರಬಾರದು. ಕೆಂಪು ದಾರ ಬಿಚ್ಚಬಾರದು. ಯಾರಾದರೂ ದಿಟ್ಟಿಸಿ ನೋಡಿ ಚೆಂದ ಇದೆ ಎಂದರೆ ಅವರ ಕೈಯಲ್ಲೇ ಮಗುವನ್ನು ಮುಟ್ಟಿಸಬೇಕು. ಬಿಕ್ಕಳಿಕೆ ಬಂದರೆ ಕೆಂಪು ನೂಲಿನ ಎಳೆಯನ್ನು ಎಂಜಲಲ್ಲಿ ಒದ್ದೆ ಮಾಡಿ ಹಣೆಗೆ ಅಂಟಿಸಬೇಕು. ಹೀಗೆ ಇಪ್ಪತ್ತೊಂದು ಮಾತು. ಆ ಮನುಷ್ಯ ಒಂದೊಂದಕ್ಕೂ ಸಂಖ್ಯೆ ಹಾಕಿ, ಎಂಜಲಿನ ಕೆಳಗೆ ಗೆರೆ ಎಳೆದು, ಶ್ರದ್ಧೆಯಿಂದ ಬರೆದುಕೊಂಡ.

ಕೊನೆಗೆ ಕೊರಿನ್ ಕೇಳಿದಳು. ವಿಲ್ಮಾ ಅನುವಾದಿಸಿದಳು: "ನಿದ್ದೆ ಹೇಗೆ ಮಾಡಿಸೋದು ಅಂತ ಕೇಳ್ತಿದಾರೆ."

ನಿಕೊಲಾಸಾ ಹಜಾರದ ಛಾವಣಿ ನೋಡಿದಳು. ಅಲ್ಲಿ ದೊಡ್ಡ ಗಾಜಿನ ದೀಪ ತೂಗುಬಿದ್ದಿತ್ತು.

"ನಿದ್ದೆಗೇನು. ನಿದ್ದೆ ಬಂದಾಗ ಮಲಗ್ತಾಳೆ," ಅಂದಳು.

ಕಳ್ಳ ಹೆಂಗಸು. ಆ ಮಗು ಹುಟ್ಟಿದಾಗಿನಿಂದ ಒಂದೇ ಒಂದು ಸಲವೂ ನಿದ್ದೆ ಬಂದಾಗ ಮಲಗಿದ್ದಲ್ಲ. ರೊಟ್ಟಿ ತಟ್ಟುವ ಬೆನ್ನಿನ ಮೇಲೆ, ಆ ಪಟಪಟ ಸದ್ದಿಗೆ, ಆ ಅಲುಗಾಟಕ್ಕೆ ಮಾತ್ರ ಅದರ ಕಣ್ಣು ಮುಚ್ಚುತ್ತಿತ್ತು. ಅಂಗಡಿಗೆ ರಜೆ ಇದ್ದ ಭಾನುವಾರಗಳಲ್ಲಿ ಕೂಡ ನಿಕೊಲಾಸಾ ಬರಿಗೈಯಲ್ಲಿ ರೊಟ್ಟಿ ತಟ್ಟುತ್ತ ಮನೆಯೆಲ್ಲ ಸುತ್ತುತ್ತಿದ್ದಳು.

* * *

"ಇಪ್ಪತ್ತೊಂದು ಮಾತು ಹೇಳಿ ಬಂದೆಯಲ್ಲ ಅತ್ತಿಗೆ, ನಿದ್ದೆ ಮಾತು ಹೇಳಿದೆಯಾ?" ಸಂಜೆಯ ಹಿಟ್ಟು ನಾದುತ್ತ ಟಿಮೋತೆಯಾ ಕೇಳಿದಳು.

"ಮರೆತುಹೋಯ್ತು."

"ಹೌದೌದು, ಮರೆತೆ. ಏಳು ವರ್ಷದ ಹಿಂದೆ ನಾನು ನಿನ್ನ ಸೌಟು ತಗೊಂಡು ಹೋಗಿದ್ದು ಮಾತ್ರ ವಾರ ಸಮೇತ ಜ್ಞಾಪಕ ಇದೆ."

"ಬುಧವಾರ. ಇನ್ನೂ ಕೊಟ್ಟಿಲ್ಲ ನೀನು."

"ಮೂರು ದಿನ ನಿದ್ದೆಗೆಡಿಸಿ ಅವರನ್ನ ಓಡಿಸಬೇಕು ಅಂತಿದೀಯ. ನಿನ್ನ ನಾನು ನಲವತ್ತು ವರ್ಷದಿಂದ ನೋಡ್ತಿದೀನಿ, ನನ್ನ ಕಣ್ಣಿಗೆ ಮಣ್ಣೆರಚಬೇಡ."

"ನೀನು ರೊಟ್ಟಿ ತಟ್ಟು," ಅಂದಳು ನಿಕೊಲಾಸಾ.

ಅವಳೂ ತಟ್ಟಿದಳು. ಬೆನ್ನು ಹಗುರಾಗಿ ಮುಂದಕ್ಕೆ ಮುಗ್ಗರಿಸುವ ಹಾಗಾಗುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರಾಗಿ "ಹೋಯ್ತಾ ಕೂಸು?" ಎಂದು ಕೇಳಿದರೆ, "ಬರುತ್ತೆ, ಬರುತ್ತೆ" ಎಂದು ಹೇಳಿ ರೊಟ್ಟಿ ಸುತ್ತಿ ಕೊಟ್ಟಳು. ಆ ರಾತ್ರಿ ಅವಳೂ ಕಣ್ಣು ಮುಚ್ಚಲಿಲ್ಲ, ಆದರೆ ಸಂತೋಷಕ್ಕೆ ಎಂದು ತನಗೆ ತಾನೇ ಹೇಳಿಕೊಂಡಳು.

ಮಂಗಳವಾರ ಬೆಳಗ್ಗೆ ಏಳಕ್ಕೆ, ಅಂಗಡಿಯ ಮುಂದೆ ಸಾಲು ನಿಂತಿರುವಾಗ ಅವಳ ಮೊಬೈಲು ಬಡಿದುಕೊಂಡಿತು. ವಿಲ್ಮಾ. ಹಿಂದೆ ಮಗುವಿನ ಅಳು. ಅದೂ ಎಂಥ ಅಳು, ಗಂಟಲು ಒಡೆದು ಗೊಗ್ಗರಾದ ಅಳು.

"ಡೋನ್ಯಾ, ರಾತ್ರಿಯಿಡೀ ಇದೇ ಕಥೆ. ಇಬ್ಬರೂ ಸರದಿ ಮೇಲೆ ಎತ್ತಿಕೊಂಡು ಓಡಾಡಿದಾರೆ. ಪಿಯಾನೊ ಹಾಡು ಹಾಕಿದ್ರು, ದೀಪ ಆರಿಸಿದ್ರು, ದೀಪ ಹಾಕಿದ್ರು. ಪಕ್ಕದ ಕೋಣೆಯವರು ಗೋಡೆ ಗುದ್ದಿದಾರೆ. ನೂಲಿನ ಎಳೆ ನಾಲ್ಕು ಸಲ ಅಂಟಿಸಿದಾರೆ, ಬಿಕ್ಕಳಿಕೆ ಇಲ್ಲದಿದ್ರೂ. ಒಂದು ನಿಮಿಷ, ಫೋನು ಜೋರಾಗಿ ಇಡ್ತೀನಿ, ನೀವೇ ಮಾತಾಡಿ ನೋಡಿ."

ನಿಕೊಲಾಸಾ ಮಾತಾಡುವ ಮೊದಲೇ ಅಳು ನಿಂತಿತು. ನಿಂತು, ಮೂಗು ಸೊರಸೊರ ಎಳೆದು, ನಿಶ್ಶಬ್ದವಾಯಿತು.

ನಿಕೊಲಾಸಾ ತಿರುಗಿ ನೋಡಿದಳು. ಹಿಂದೆ ಟಿಮೋತೆಯಾ ತನ್ನ ಪಾಡಿಗೆ ತಾನು ಪಟಪಟ ತಟ್ಟುತ್ತಿದ್ದಳು. ಫೋನಿನಲ್ಲಿ ವೆಂಡೆಲನ ದಪ್ಪ ದನಿ ಕೇಳಿತು. ವಿಲ್ಮಾ ಹೇಳಿದಳು: "ಅಲ್ಲಿ ಅದೇನು ಸದ್ದು ಅಂತ ಕೇಳ್ತಿದಾರೆ."

"ಯಾವ ಸದ್ದು? ಏನೂ ಇಲ್ಲ," ಎನ್ನುತ್ತ ನಿಕೊಲಾಸಾ ಎಡಗೈಯಿಂದ ಟಿಮೋತೆಯಾಳತ್ತ, ನಿಲ್ಲಿಸು, ನಿಲ್ಲಿಸು ಎಂದು ಗಾಳಿಯಲ್ಲಿ ಬೀಸಿದಳು. ಟಿಮೋತೆಯಾ ಹುಬ್ಬೇರಿಸಿ, ಕೈಯಲ್ಲಿದ್ದ ಉಂಡೆಯನ್ನು ಹಾಗೇ ಹಿಡಿದು ನಿಂತಳು. ಸಾಲಿನಲ್ಲಿದ್ದವರೂ ಏನಾಯಿತೆಂದು ಬಾಯಿ ಮುಚ್ಚಿದರು.

ಮಗು ಮತ್ತೆ ಕಿರುಚಿತು. ಮೊದಲಿಗಿಂತ ಜೋರಾಗಿ, ಯಾರೋ ಬಂದಂತೆ ಮಾಡಿ ಬಿಟ್ಟು ಹೋದರು ಎನ್ನುವ ಹಾಗೆ. ಅದರ ಜೊತೆಗೆ ಇನ್ನೊಂದು ಅಳುವೂ ಕೇಳಿತು, ದೊಡ್ಡವರ ಅಳು.

"ಕೊರಿನ್ ಅವರು ಡೋನ್ಯಾ," ಅಂದಳು ವಿಲ್ಮಾ. "ನಿಮ್ಮ ಹತ್ರ ಕ್ಷಮೆ ಕೇಳ್ತಿದಾರೆ. ನೀವು ಇಷ್ಟು ಚೆನ್ನಾಗಿ ಸಾಕಿಕೊಟ್ಟಿದೀರ, ನಾನು ಒಂದೇ ರಾತ್ರೀಲಿ ಹಾಳು ಮಾಡ್ದೆ, ನನ್ನ ಕಂಡ್ರೆ ಮಗೂಗೆ ಆಗಲ್ಲ ಅಂತ."

ಇದೇ ತಾನೇ ನಿಕೊಲಾಸಾ ಬಯಸಿದ್ದು. ಬಾಯಿಗೆ ಬಂದ ತುತ್ತು. ಇನ್ನೆರಡು ದಿನ ಬಾಯಿ ಹೊಲಿದುಕೊಂಡಿದ್ದರೆ ಸಾಕಿತ್ತು. ಆದರೆ ಆ ಗೊಗ್ಗರು ಅಳು ನಿಲ್ಲಲಿಲ್ಲ. ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು. ಒಂಬತ್ತು ತಿಂಗಳು ಒಂದು ಸಲವೂ ಹಾಗೆ ಅಳಲು ಬಿಡದ ಕೂಸನ್ನು ಈಗ ತಾನೇ ರಾತ್ರಿಯಿಡೀ ಅಳಿಸಿದ್ದಳು.

"ತೆಯಾ, ತಟ್ಟೇ," ಎಂದಳು ನಾದಿನಿಗೆ. "ನಿಲ್ಲಿಸಬೇಡ. ಫೋನು ಅಲ್ಲೇ ನಿನ್ನ ಪಕ್ಕ ಇಟ್ಟಿರ್ತೀನಿ. ನಾನು ಅಲ್ಲಿಗೆ ಮುಟ್ಟೋವರೆಗೂ ತಟ್ಟುತ್ತಿರು."

"ಎಷ್ಟು ಹೊತ್ತು?"

"ಎರಡು ಬಸ್ಸು."

"ನನ್ನ ಕೈ ಬಿದ್ದುಹೋದ್ರೆ?"

"ಬಿದ್ರೆ ಎತ್ಕೊಡ್ತೀನಿ," ಎಂದು ನಿಕೊಲಾಸಾ ಒಂದು ಬೋಗುಣಿ ಹಿಟ್ಟನ್ನು ಬಟ್ಟೆಯಲ್ಲಿ ಕಟ್ಟಿ, ಕೆಂಪು ಪಟ್ಟೆಯ ಶಾಲು ಹೆಗಲಿಗೆ ಹಾಕಿಕೊಂಡು ಹೊರಟಳು.

* * *

ಹೋಟೆಲಿನ ಬಾಗಿಲಲ್ಲಿ ಕಾವಲಿನವನು ಅಡ್ಡ ಬಂದ. "ಅಮ್ಮಾ, ಹಿಟ್ಟು ಒಳಗೆ ಬಿಡಲ್ಲ."

"ಇದು ಹಿಟ್ಟಲ್ಲಪ್ಪ, ಔಷಧಿ. ಮೂರನೇ ಮಹಡೀಲಿ ರಾತ್ರಿಯಿಡೀ ಅತ್ತಿದ್ದು ಕೇಳಿಸಿಲ್ವಾ ನಿಂಗೆ?"

ಕಾವಲಿನವನಿಗೂ ಕೇಳಿಸಿತ್ತು. ದಾರಿ ಬಿಟ್ಟ.

ಕೋಣೆಯಲ್ಲಿ ವೆಂಡೆಲ್ ನೆಲದ ಮೇಲೆ ಕೂತಿದ್ದ, ಗಡ್ಡ ಕೆದರಿತ್ತು. ಮಗು ಫೋನಿಗೆ ಕಿವಿಗೊಟ್ಟು ಸುಮ್ಮನಿತ್ತು, ಆದರೆ ಕಣ್ಣು ಮುಚ್ಚಿರಲಿಲ್ಲ. ಫೋನಿನೊಳಗೆ ಟಿಮೋತೆಯಾ ತಟ್ಟುತ್ತಿದ್ದಳು, ನಡುನಡುವೆ ಅತ್ತಿಗೆಯನ್ನು ಬೈಯುತ್ತಿದ್ದಳು. ಅದನ್ನು ಮಾತ್ರ ವಿಲ್ಮಾ ಅನುವಾದ ಮಾಡಿರಲಿಲ್ಲ.

ನಿಕೊಲಾಸಾ ಕೊರಿನಳನ್ನು ಬಗ್ಗಿಸಿ, ಮಗುವನ್ನು ಅವಳ ಬೆನ್ನಿಗೆ ಹಾಕಿ, ಶಾಲನ್ನು ಎದೆಯ ಮೇಲೆ ಗಂಟು ಕಟ್ಟಿದಳು. ಕೊರಿನ್ ಉಸಿರು ಬಿಗಿಹಿಡಿದು ಗೋಡೆಗೆ ಕೈಯೂರಿ ನಿಂತಳು. ನಿಕೊಲಾಸಾ ಹಿಟ್ಟು ತೆಗೆದು ಎದುರಿಗೆ ನಿಂತು ತಟ್ಟತೊಡಗಿದಳು. ಬೇಯಿಸಲು ಹಂಚಿಲ್ಲ, ತಟ್ಟಿದ್ದನ್ನು ಇಡಲು ಜಾಗವಿಲ್ಲ. ಮೊದಲನೆಯ ಹಸಿ ರೊಟ್ಟಿ ಟಿವಿಯ ಮೇಲೆ ಹೋಯಿತು. ಎರಡನೆಯದು ಸೂಟ್‌ಕೇಸಿನ ಮೇಲೆ. ಹದಿನೈದನೆಯದರ ಹೊತ್ತಿಗೆ ವೆಂಡೆಲ್ ಎರಡೂ ಕೈಯಲ್ಲಿ ಒಂದೊಂದು ಹಿಡಿದು, ಮೂರನೆಯದನ್ನು ಮಂಡಿಯ ಮೇಲೆ ಇಟ್ಟುಕೊಂಡು, ಇನ್ನೆಲ್ಲಿಡಲಿ ಎಂದು ಕಣ್ಣಲ್ಲೇ ಕೇಳುತ್ತಿದ್ದ. ಮಗುವಿನ ರೆಪ್ಪೆ ಇಳಿಯುತ್ತಿತ್ತು, ಮತ್ತೆ ಏಳುತ್ತಿತ್ತು. ಬೆನ್ನು ಅಲುಗದೆ ಅದಕ್ಕೆ ಸಮಾಧಾನವಿಲ್ಲ. ತಟ್ಟುವವಳೇ ಹೊರಬೇಕು, ಹೊತ್ತವಳೇ ತಟ್ಟಬೇಕು.

"ವಿಲ್ಮಾ," ಅಂದಳು ನಿಕೊಲಾಸಾ, ಕೈ ನಿಲ್ಲಿಸದೆ. "ಇಪ್ಪತ್ತೆರಡನೇದು ಅಂತ ಬರಕೊಳ್ಳೋಕೆ ಹೇಳು. ಈ ಮಗು ರೊಟ್ಟಿ ತಟ್ಟೋ ಬೆನ್ನಿನ ಮೇಲೆ ಮಾತ್ರ ಮಲಗೋದು. ಇವರು ಕಲೀಬೇಕು, ಬೇರೆ ದಾರಿ ಇಲ್ಲ."

ವೆಂಡೆಲ್ ರೊಟ್ಟಿಗಳನ್ನು ಹಾಸಿಗೆಯ ಮೇಲಿಟ್ಟು ಪುಸ್ತಕ ತೆಗೆದ.

"ಇನ್ನೊಂದು. ನನಗೆ ಇದು ಮೊದಲೇ ಗೊತ್ತಿತ್ತು, ಬೇಕೂ ಅಂತಲೇ ಹೇಳಲಿಲ್ಲ ಅಂತಲೂ ಹೇಳು."

ವಿಲ್ಮಾ ತಡೆದಳು. "ಅದನ್ನೂ ಹೇಳ್ಬೇಕಾ ಡೋನ್ಯಾ?"

"ಹೇಳು. ಮಗು ನಂಗೇ ಉಳೀಲಿ ಅಂತ ಹಾಗ್ಮಾಡ್ದೆ ಅಂತ ಹೇಳು. ಬೈಯೋದಿದ್ರೆ ಬೈಯಲಿ."

ವಿಲ್ಮಾ ತಗ್ಗಿದ ದನಿಯಲ್ಲಿ ಹೇಳಿದಳು. ಕೊರಿನ್ ನಿಕೊಲಾಸಾಳತ್ತ ಕತ್ತು ಹೊರಳಿಸಿದಳು. ಬೆನ್ನಿನ ಮೇಲೆ ಮಗು ಇದ್ದುದರಿಂದ ಬಗ್ಗಿಯೇ ನಿಂತಿದ್ದಳು. ಹಾಗೇ ಏನೋ ಅಂದಳು.

"ಏನಂತೆ?"

"ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಇಪ್ಪತ್ತೊಂದು ಕೂಡ ಹೇಳ್ತಿರಲಿಲ್ಲ, ಹತ್ತು ಹೇಳಿ ಮುಗಿಸ್ತಿದ್ದೆ ಅಂತಿದಾರೆ."

ಆ ಹೆಂಗಸಿನ ಮೇಲೆ ನಿಕೊಲಾಸಾಳಿಗಿದ್ದ ಸಿಟ್ಟು ಮೊದಲ ಸಲ ಹೋಯಿತು. ಹೋದದ್ದಕ್ಕೆ ಬೇಜಾರೂ ಆಯಿತು.

* * *

ಬುಧವಾರ ಮಧ್ಯಾಹ್ನದ ಗಿರಾಕಿಗಳು ಅಂಗಡಿಯ ಮುಂದೆ ಬಂದವರು ಅಲ್ಲಿಂದ ಕದಲಲಿಲ್ಲ. ಹಂಚಿನ ಒಂದು ಪಕ್ಕ ಟಿಮೋತೆಯಾ, ಇನ್ನೊಂದು ಪಕ್ಕ ನಿಕೊಲಾಸಾಳ ಏಪ್ರನ್ ಕಟ್ಟಿಕೊಂಡ ಕೊರಿನ್, ಬೆನ್ನ ಮೇಲೆ ಬ್ರಿಸೈದಾ. ಟೋಪಿ ಹಾಕಿತ್ತು, ಅದನ್ನು ಮಾತ್ರ ನಿಕೊಲಾಸಾ ಬಿಟ್ಟುಕೊಟ್ಟಿರಲಿಲ್ಲ. ಮೂಲೆಯಲ್ಲಿ ವಿಲ್ಮಾಳ ಪಕ್ಕ ವೆಂಡೆಲ್ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಉಂಡೆ ಮಾಡಿ ಕೊಡುತ್ತಿದ್ದ. ಗಡ್ಡಕ್ಕೆ ಹಿಟ್ಟು ಮೆತ್ತಿ ಆಗಲೇ ಒಣಗಿತ್ತು.

"ಡೋನ್ಯಾ, ನಾನು ಹತ್ತು ರೊಟ್ಟಿ ಕೇಳ್ದೆ," ಅಂದ ಚಪ್ಪಲಿ ಹೊಲಿಯುವವನು. "ಈಕೆ ಹತ್ತು ದೇಶದ ನಕ್ಷೆ ಕೊಟ್ಟಿದಾಳೆ."

"ಹೊಟ್ಟೆಗೆ ಹೋದ ಮೇಲೆ ಎಲ್ಲಾ ಒಂದೇ ದೇಶ. ತಗೊಂಡು ನಡಿ."

"ಇದಕ್ಕೊಂದು ತೂತೂ ಇದೆ."

"ತೂತಿಗೆ ದುಡ್ಡು ತಗೊಂಡಿಲ್ಲ ನಿನ್ನ ಹತ್ರ."

ಔಷಧದಂಗಡಿಯ ಹೆಂಗಸು, "ಅಂಗೈ ಸಡಿಲ ಬಿಡಮ್ಮ, ಕಪಾಳಕ್ಕೆ ಹೊಡಿಯೋ ಹಾಗೆ ಹೊಡೀಬೇಡ" ಎಂದು ಕೈಯಾಡಿಸಿ ತೋರಿಸಿದಳು. ಕೊರಿನಳ ಅಂಗೈ ಕೆಂಪಾಗಿತ್ತು, ಹಂಚು ತಾಗಿ ಬೆರಳು ಎರಡು ಕಡೆ ಸುಟ್ಟಿತ್ತು, ಆದರೂ ಪಟ್ಟು ಬಿಡಲಿಲ್ಲ. ಅವಳ ತಾಳ ಮಾತ್ರ ಕೆಟ್ಟ ತಾಳ. ಎರಡು ತಟ್ಟು, ಅಯ್ಯೋ ಎಲ್ಲಿ ಹೋಯಿತು ಎಂದು ಒಂದು ತಡವರಿಕೆ, ಮತ್ತೊಂದು ತಟ್ಟು. ಶ್ರುತಿ ಕೂಡಿಸುವ ಗಂಡನೇ ಒಂದೆರಡು ಸಲ ಮುಖ ಕಿವುಚಿದ.

ಮಗು ತಲೆಯೆತ್ತಿ ನಿಕೊಲಾಸಾಳ ಕಡೆ ನೋಡಿತು. ಇದೇನಿದು ಎಂದು ಕೇಳುವ ಹಾಗೆ ನೋಡಿತು. ನಿಕೊಲಾಸಾ ಬಾಗಿಲ ಬದಿಯಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಳು. ಈಗ ಅಳುತ್ತದೆ, ಅತ್ತರೆ ನಾನೇ ಎತ್ತಿಕೊಳ್ಳುತ್ತೇನೆ, ನಾನು ಹೇಳಿಯೂ ಕೊಟ್ಟೆ, ಕಲಿಸಿಯೂ ಕೊಟ್ಟೆ, ಇನ್ನು ನನ್ನ ತಪ್ಪಲ್ಲ ಎಂದುಕೊಂಡಳು.

ಎರಡು ತಟ್ಟು, ತಡವರಿಕೆ, ಒಂದು ತಟ್ಟು. ಟೋಪಿ ಮೆಲ್ಲಗೆ ಒಂದು ಕಡೆಗೆ ವಾಲಿತು. ಗುಂಡು ಕೆನ್ನೆ ಆ ಬಿಳಿ ಹೆಂಗಸಿನ ಹೆಗಲಿಗೆ ಒತ್ತಿ ಚಪ್ಪಟೆಯಾಯಿತು, ಬಾಯಿ ತೆರೆದುಕೊಂಡಿತು, ತುಟಿಯ ಅಂಚಿನಿಂದ ಜೊಲ್ಲು ಇಳಿಯಿತು.

"ಮಲಗ್ತು," ಅಂದ ಚಪ್ಪಲಿ ಹೊಲಿಯುವವನು, ಪಿಸುಮಾತಿನಲ್ಲಿ.

ಕೊರಿನ್ ತಿರುಗಿ ನೋಡುವ ಹಾಗಿರಲಿಲ್ಲ. ಬಗ್ಗಿಯೇ ತಟ್ಟುತ್ತಿದ್ದಳು, ಕಣ್ಣೀರು ಹಂಚಿನ ಮೇಲೆ ಬಿದ್ದು ಚುಂಯ್ ಎನ್ನುತ್ತಿತ್ತು. ವೆಂಡೆಲ್ ಉಂಡೆ ಹಿಡಿದುಕೊಂಡೇ ಕೂತುಬಿಟ್ಟ. ಇಷ್ಟು ಕೆಟ್ಟ ತಾಳಕ್ಕೂ ಮಲಗಿಬಿಟ್ಟಳಲ್ಲ ಕಳ್ಳಿ, ಒಂದು ಗಳಿಗೆಯಾದರೂ ನನಗೋಸ್ಕರ ಹಟ ಮಾಡಬಾರದಿತ್ತೇ ಎಂದುಕೊಂಡಳು ನಿಕೊಲಾಸಾ. ಆಮೇಲೆ ಹತ್ತಿರ ಹೋಗಿ, ಜಾರಿದ ಟೋಪಿ ಸರಿ ಮಾಡಿ, ಶಾಲಿನ ಗಂಟನ್ನು ಇನ್ನೊಂದು ಸುತ್ತು ಬಿಗಿ ಮಾಡಿದಳು.

"ಶಾಲು ನೀವೇ ಇಟ್ಕೊಳ್ಳಿ ಅಂತ ಹೇಳು ವಿಲ್ಮಾ," ಅಂದಳು. "ಅಲ್ಲಿ ಮೆಕ್ಕೆಜೋಳದ ಹಿಟ್ಟು ಸಿಗದಿದ್ರೆ ಸುಮ್ಮನೆ ಬರಿಗೈ ತಟ್ಟಿದ್ರೂ ಆಗುತ್ತೆ."

* * *

ಗುರುವಾರ ವೀಸಾ ಆಯಿತು, ಸಂಜೆಯ ವಿಮಾನಕ್ಕೆ ಹೋದರು. ಎರಡು ದಿನ ಅಳುವುದು ನಿಕೊಲಾಸಾಳ ವಾಡಿಕೆ. ಈ ಸಲ ಅವಳು ಅಳಲಿಲ್ಲ, ಶುಕ್ರವಾರವೇ ಬೆಳಗ್ಗೆ ಹಂಚಿನ ಮುಂದೆ ನಿಂತಳು. ಟಿಮೋತೆಯಾ ಓರೆಗಣ್ಣಲ್ಲಿ ನೋಡುತ್ತಲೇ ಇದ್ದಳು, ಯಾವಾಗ ಕಟ್ಟೆ ಒಡೆಯುತ್ತದೋ ಎಂದು. ಏಳು ವರ್ಷದ ಹಿಂದೆ ಒಯ್ದ ಸೌಟನ್ನು ಕೂಡ ಅವತ್ತು ತಂದು ಮೊಳೆಗೆ ನೇತುಹಾಕಿದ್ದಳು.

ಸಾಲು ಉದ್ದವಾಗಿತ್ತು, ಹಂಚಿನಿಂದ ರೊಟ್ಟಿ ಬೇಗ ಏಳುತ್ತಿರಲಿಲ್ಲ.

"ಡೋನ್ಯಾ, ಬಸ್ಸು ಹೋಗುತ್ತೆ ನಂದು," ಎಂದು ಯಾರೋ ಕೂಗಿದರು.

ಟಿಮೋತೆಯಾ ಕಿವಿಗೊಟ್ಟಳು. "ಅತ್ತಿಗೆ, ಕೈಗೇನಾಗಿದೆ ನಿಂಗೆ? ನಲವತ್ತು ವರ್ಷ ತಟ್ಟಿದವಳು, ಇದೇನು ಹೀಗೆ ಎಡವಿ ಎಡವಿ ತಟ್ತಿದೀಯ?"

"ಎಡವ್ತಿಲ್ಲ," ಅಂದಳು ನಿಕೊಲಾಸಾ. ತಲೆಯೆತ್ತಲಿಲ್ಲ. "ಅವಳು ಇನ್ಮೇಲೆ ಮಲಗೋದು ಈ ತಾಳಕ್ಕೇ ತಾನೆ. ಎಂದಾದರೂ ಇಲ್ಲಿಗೆ ಬಂದ್ರೆ ನನಗೂ ಅದು ಬರಬೇಕಲ್ಲ, ಕಲೀತಿದೀನಿ."

ಟಿಮೋತೆಯಾ ಅವಳನ್ನೇ ನೋಡಿದಳು. ಬೋಗುಣಿಯಿಂದ ಒಂದು ಉಂಡೆ ತೆಗೆದುಕೊಂಡಳು. ಎರಡು ತಟ್ಟಿದಳು, ತಡೆದಳು, ಇನ್ನೊಂದು ತಟ್ಟಿದಳು.